ಹವಳದ ಟ್ಯಾಂಕ್‌ಗೆ ಮನೆಯಲ್ಲೇ ಮಾಡಿದ ಎಲ್‌ಇಡಿ ದೀಪ

ನಮ್ಮ ಹಾಲ್‌ನ ಸೂರಿನಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ಮಗಳು ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದು ಅದಕ್ಕೇ. ಅವಳೀಗ ಡಿಪ್ಲೊಮಾ ಎರಡನೇ ವರ್ಷ. ಅಷ್ಟೂ ವರ್ಷ ಖಾಲಿ ಬಿದ್ದಿದ್ದ ಕೊಕ್ಕೆಗೆ ಈಗ ನಾಲ್ಕೂವರೆ ಕೆ.ಜಿ. ಅಲ್ಯೂಮಿನಿಯಂ, 36 ಎಲ್‌ಇಡಿ, ಎರಡು ಫ್ಯಾನು ನೇತಾಡುತ್ತಿವೆ. ಕೆಳಗೆ ಮೂರಡಿಯ ಉಪ್ಪುನೀರಿನ ಟ್ಯಾಂಕ್. ಸಂಜೆ ಏಳರ ಮೇಲೆ ಮನೆ ಪೂರ್ತಿ ನೀಲಿ. "ಸ್ಲೀಪರ್ ಬಸ್ಸಲ್ಲಿ ಮಲಗಿದ ಹಾಗಿದೆ ಕಣ್ರೀ" ಅಂತಾಳೆ ಮನೆಯವಳು. ಎದುರುಮನೆ ಹಿರಿಯರು ಮೊದಲ ವಾರ ಕಿಟಕಿಯಲ್ಲಿ ಇಣುಕಿ, "ಏನಪ್ಪಾ, ಗಣಪತಿ ಕೂರಿಸಿದೀಯಾ?" ಎಂದು ಕೇಳಿದ್ದರು.

ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಫಿಟ್ಟರ್. ಡ್ರಿಲ್, ಟ್ಯಾಪ್, ಅರ ಇವೆಲ್ಲ ಕೈಗೆ ಒಗ್ಗಿವೆ. ಎಲೆಕ್ಟ್ರಾನಿಕ್ಸ್ ಕಲಿತದ್ದು ಮಾತ್ರ ಈ ದೀಪ ಮಾಡುತ್ತಾ ಮಾಡುತ್ತಾ, ಮೂರು ಎಲ್‌ಇಡಿ ಸುಟ್ಟು, ಒಂದು ಹವಳ ಕಳೆದುಕೊಂಡ ಮೇಲೆ. ಅದೇ ದಾರಿಯಲ್ಲಿ ಹೊರಟವರಿಗೆ ಅಷ್ಟು ನಷ್ಟವಾದರೂ ತಪ್ಪಲಿ ಎಂದು ಬರೆಯುತ್ತಿದ್ದೇನೆ.

ಸಾಮಾನು ಕೊಳ್ಳುವ ಮೊದಲು ಟ್ಯಾಂಕಿನಲ್ಲಿ ಏನು ಸಾಕುತ್ತೀರಿ ಎಂದು ತೀರ್ಮಾನಿಸಿ. ಕಲ್ಲುಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ಒಂದು ತುಂಡು ಮುರಿದು ತಂದರೂ ಅಪರಾಧ. ಯಾರೋ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಆ ಕಡೆ ತಲೆ ಹಾಕಬೇಡಿ. ನನ್ನಲ್ಲಿರುವುದು ಮೆತ್ತನೆಯ ಜಾತಿಗಳು ಮಾತ್ರ: ಮಶ್ರೂಮ್, ಜೋವಾಂಥಿಡ್, ಒಂದು ಲೆದರ್ ಹವಳ. ಮೂರೂ ಸಾಧಾರಣ ಬೆಳಕಿನಲ್ಲೇ ಬದುಕುವಂಥವು. ಹಾಗಾಗಿ ಇಲ್ಲಿನ ಲೆಕ್ಕವೆಲ್ಲ ಅವಕ್ಕೆ ಹೊಂದಿದ್ದು.

ಬಣ್ಣದ ವಿಷಯ

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ನೀರಿಗಿಳಿದಿದ್ದೆ. ಕೈಗೆ ದೇವಸ್ಥಾನದ ಕೆಂಪು ದಾರ ಕಟ್ಟಿದ್ದರು. ದೋಣಿಯಲ್ಲಿ ಕುಂಕುಮದ ಹಾಗಿದ್ದ ಅದು ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕಂದುಗಪ್ಪು. ನೀರು ಕೆಂಪನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ, ಆಳಕ್ಕೆ ತಲುಪುವುದು ನೀಲಿ. ಹವಳದ ಮೈಯೊಳಗೆ ಸೇರಿಕೊಂಡು ಅದಕ್ಕೆ ಅಡುಗೆ ಮಾಡಿಹಾಕುವ ಸೂಕ್ಷ್ಮ ಪಾಚಿ, ಅಂದರೆ ಜೂಜಾಂಥೆಲೆ, ಆ ನೀಲಿಗೇ ಹೊಂದಿಕೊಂಡಿದೆ. ಅದರ ಕ್ಲೋರೊಫಿಲ್ ಮತ್ತು ಪೆರಿಡಿನಿನ್ ಎಂಬ ಬಣ್ಣದ್ರವ್ಯಗಳು ಚೆನ್ನಾಗಿ ಹೀರುವುದು ಸುಮಾರು 420ರಿಂದ 480 ನ್ಯಾನೋಮೀಟರಿನ ಬೆಳಕನ್ನು.

ನಾನು ಹಾಕಿದ್ದು ಹೀಗೆ: 450 ನ್ಯಾನೋಮೀಟರಿನ ರಾಯಲ್ ಬ್ಲೂ 18, 420ರ ವಯೊಲೆಟ್ 6, 470ರ ಸಾದಾ ನೀಲಿ 4, 6500ಕೆ ಬಿಳಿ 8. ಎಲ್ಲವೂ 3 ವ್ಯಾಟಿನವು, ನಕ್ಷತ್ರದಾಕಾರದ 20 ಮಿ.ಮೀ. ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿ ಬರುತ್ತವೆ. ಅಂಗಡಿಯಲ್ಲಿ 'ಸ್ಟಾರ್' ಎಂದು ಕೇಳಿ. ಬಿಳಿ ಇರುವುದು ನಮ್ಮ ಕಣ್ಣಿಗಾಗಿ. ಬರೀ ನೀಲಿ ಹಾಕಿದರೆ ಹವಳಕ್ಕೇನೂ ತೊಂದರೆಯಿಲ್ಲ, ಮೀನು ಮಾತ್ರ ಮಸಿ ಬಳಿದುಕೊಂಡಂತೆ ಕಾಣುತ್ತದೆ. ಕೆಂಪು, ಹಸಿರು ಒಂದೊಂದು ಹಾಕಿ ನೋಡಿದ್ದೆ. ಮರಳಿನ ಮೇಲೆ ಬಣ್ಣದ ಚುಕ್ಕಿ ಕುಣಿದು ಆರ್ಕೆಸ್ಟ್ರಾ ಸ್ಟೇಜಿನ ಹಾಗಾಯಿತು. ಕಿತ್ತುಹಾಕಿದೆ.

ನನ್ನ ಟ್ಯಾಂಕ್ 36 ಇಂಚು ಉದ್ದ, 18 ಅಗಲ, 18 ಎತ್ತರ. ತುಂಬಿದರೆ ಸುಮಾರು 190 ಲೀಟರ್. ಎರಡಡಿಯ ಟ್ಯಾಂಕ್ ಇದ್ದವರಿಗೆ 24 ಸ್ಟಾರ್ ಧಾರಾಳ.

ಹೀಟ್‌ಸಿಂಕ್‌ಗೆ ಜಿಪುಣತನ ಬೇಡ

ಎಲ್‌ಇಡಿ ತಣ್ಣಗಿನ ದೀಪ ಎನ್ನುವುದು ಅರ್ಧ ಸುಳ್ಳು. ಕೆಳಗೆ ಬೀಳುವ ಬೆಳಕಿನಲ್ಲಿ ಬಿಸಿ ಕಡಿಮೆ, ನಿಜ. ಆದರೆ ತಿಂದ ಕರೆಂಟಿನ ಅರ್ಧದಷ್ಟು ಬೆನ್ನ ಕಡೆಯಿಂದ ಬಿಸಿಯಾಗಿಯೇ ಹೊರಬರುತ್ತದೆ. ಆ ಬಿಸಿಗೆ ದಾರಿ ಕೊಡದಿದ್ದರೆ ಎಲ್‌ಇಡಿ ದಿನೇ ದಿನೇ ಮಂಕಾಗಿ ಸಾಯುತ್ತದೆ.

ಆ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡೇ ಹೀಟ್‌ಸಿಂಕ್. ಹೊಸದರ ಬೆಲೆ ಕೇಳಿ ಗಾಬರಿಯಾದವನು ನಮ್ಮ ಏರಿಯಾದ ಗುಜರಿ ಅಂಗಡಿಗೆ ಹೋದೆ. ಹಳೆಯ ಮೋಟಾರ್ ಡ್ರೈವ್ ಪ್ಯಾನೆಲಿನಿಂದ ಬಿಚ್ಚಿದ, ರೆಕ್ಕೆರೆಕ್ಕೆಯ ದಪ್ಪ ಅಲ್ಯೂಮಿನಿಯಂ ತುಂಡೊಂದು ತೂಕದ ಲೆಕ್ಕದಲ್ಲಿ ಸಿಕ್ಕಿತು: 28 ಇಂಚು ಉದ್ದ, 6 ಇಂಚು ಅಗಲ, ತಳ 8 ಮಿ.ಮೀ. ದಪ್ಪ. ತಳದ ಮೇಲೆ ಹಳೆಯ ತೂತು, ಗೀರು ಇರುತ್ತವೆ. ಸಮತಟ್ಟಾದ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಉಜ್ಜಿ. ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ನುಸುಳಬಾರದು.

ಸ್ಟಾರ್‌ಗಳನ್ನು ಹೇಗೆ ಹರಡುವುದು? ನಾನು ಮೊದಲು ಮೂರು ಸಾಲನ್ನು ನೇರಾನೇರ ಗೀಚಿದ್ದೆ. ಮನೆಯವಳು ನೋಡಿ, "ಸಂದುಚುಕ್ಕಿ ಇಡಿ, ನಡುವೆ ಜಾಗ ಖಾಲಿ ಉಳಿಯಲ್ಲ" ಅಂದಳು. ರಂಗೋಲಿ ಹಾಕುವವರಿಗೆ ತಕ್ಷಣ ತಿಳಿಯುತ್ತದೆ: ಸಾಲಿಗೆ 12 ಚುಕ್ಕಿ, ಎರಡೂಕಾಲು ಇಂಚಿಗೊಂದು, ನಡುವಿನ ಸಾಲು ಅರ್ಧ ಅಂತರ ಜರುಗಿದ್ದು. ಒಂದೇ ಬಣ್ಣದವು ಗುಂಪಾಗದಂತೆ ಕಲಸಿ. ಗುಂಪಾದರೆ ಹವಳದ ಒಂದು ಮಗ್ಗುಲಿಗೆ ನೀಲಿ, ಇನ್ನೊಂದು ಮಗ್ಗುಲಿಗೆ ಬಿಳಿ ಬೀಳುತ್ತದೆ.

ಒಂದು ಸ್ಟಾರ್‌ಗೆ ಎರಡು ಸ್ಕ್ರೂ, ಒಟ್ಟು 72 ತೂತು. 2.5 ಮಿ.ಮೀ. ಡ್ರಿಲ್, ಆಮೇಲೆ ತೂತಿನೊಳಗೆ ಸ್ಕ್ರೂ ಸುರುಳಿ ಕೊರೆಯುವ ಎಂ3 ಟ್ಯಾಪ್. ಅಲ್ಯೂಮಿನಿಯಂ ಟ್ಯಾಪಿಗೆ ಅಂಟಿಕೊಳ್ಳುವ ಲೋಹ, ಸೀಮೆಎಣ್ಣೆ ಹನಿಸುತ್ತಾ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡಿ. ಅವಸರಪಟ್ಟರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆಮೇಲೆ ಆ ತೂತನ್ನು ಮರೆತುಬಿಡಬೇಕು. ಟ್ಯಾಪ್ ಆದಮೇಲೆ ಒಂದು ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಪ್ರತಿ ತೂತಿನ ಬಾಯಿಗೆ ಒಂದು ಸುತ್ತು ತಿರುಗಿಸಿ. ಅಂಚಿನಲ್ಲಿ ಎದ್ದ ಲೋಹದ ಚೂರು, ಅಂದರೆ ಬರ್, ಉಳಿದರೆ ಸ್ಟಾರ್ ಎತ್ತರಿಸಿ ಕೂರುತ್ತದೆ, ಬಿಸಿ ದಾಟುವುದಿಲ್ಲ. ನನಗೆ ಎರಡು ಭಾನುವಾರ ಹಿಡಿಯಿತು. ಈ ಇಡೀ ಕೆಲಸದಲ್ಲಿ ನನಗೆ ನೆಮ್ಮದಿ ಕೊಟ್ಟ ಭಾಗವೂ ಇದೇ.

ಸ್ಟಾರ್‌ನಿಂದ ಸಿಂಕ್‌ಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ಬೆಣ್ಣೆ ಹಚ್ಚಿದ ಹಾಗೆ ಮೆತ್ತಬೇಡಿ. ಕಾವಲಿಗೆ ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರುತ್ತೇವಲ್ಲ, ಅಷ್ಟು ತೆಳುವಾಗಿದ್ದರೆ ಸಾಕು. ಸ್ಕ್ರೂ ತಲೆಯ ಕೆಳಗೆ ನೈಲಾನ್ ವಾಷರ್ ಕಡ್ಡಾಯ. ಇಲ್ಲದಿದ್ದರೆ ಸ್ಕ್ರೂ ತಲೆ ಪಕ್ಕದ ಬೆಸುಗೆಗೆ ತಾಗಿ ಇಡೀ ಹೀಟ್‌ಸಿಂಕ್‌ಗೆ ಕರೆಂಟ್ ಹರಿಯುತ್ತದೆ.

ಬೆಸುಗೆ

25 ವ್ಯಾಟಿನ ಸಣ್ಣ ಐರನ್ ಇಲ್ಲಿ ನಡೆಯುವುದಿಲ್ಲ. ಬಿಲ್ಲೆಯೇ ಅಲ್ಯೂಮಿನಿಯಂ, ಅದರ ಕೆಳಗೆ ಇನ್ನಷ್ಟು ಅಲ್ಯೂಮಿನಿಯಂ, ಇಟ್ಟ ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. 60 ವ್ಯಾಟ್ ತೆಗೆದುಕೊಳ್ಳಿ. ಸ್ಟಾರ್‌ಗಳನ್ನು ಸಿಂಕ್‌ಗೆ ಬಿಗಿಯುವ ಮೊದಲೇ ಮರದ ಹಲಗೆಯ ಮೇಲಿಟ್ಟು, ಪ್ಲಸ್‌ಗೊಂದು ಮೈನಸ್‌ಗೊಂದು ಸೋಲ್ಡರ್ ಹನಿ ಹಾಕಿಟ್ಟುಕೊಳ್ಳಿ. ವೈರಿನ ತುದಿಗೂ ಹಾಗೇ. ಬಿಗಿದ ಮೇಲೆ ವೈರನ್ನು ಆ ಹನಿಯ ಮೇಲಿಟ್ಟು ಐರನ್ ಒತ್ತಿದರೆ ಮೂರು ಸೆಕೆಂಡಿನ ಕೆಲಸ. ಹನಿ ಹೊಳೆಯಬೇಕು. ಮಂಕಾಗಿ ಬೂದಿ ಬಣ್ಣಕ್ಕಿದ್ದರೆ ಬೆಸುಗೆ ಹಿಡಿದಿಲ್ಲ.

ಒಂದರ ಪ್ಲಸ್‌ನಿಂದ ಮುಂದಿನದರ ಮೈನಸ್‌ಗೆ, ರೈಲು ಬೋಗಿಯಂತೆ 12 ಸ್ಟಾರ್ ಒಂದು ಸರಕ್ಕೆ. ನನ್ನಲ್ಲಿ ಮೂರು ಸರ: ಒಂದರಲ್ಲಿ ಪೂರ್ತಿ ರಾಯಲ್ ಬ್ಲೂ, ಎರಡನೆಯದರಲ್ಲಿ ಆರು ರಾಯಲ್ ಬ್ಲೂ ಮತ್ತು ಆರು ವಯೊಲೆಟ್, ಮೂರನೆಯದರಲ್ಲಿ ಬಿಳಿ ಮತ್ತು ಸಾದಾ ನೀಲಿ. ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ, ಒಂದು ಕಡ್ಡಿ ಹೀಟ್‌ಸಿಂಕಿನ ಬರಿಮೈಗೆ, ಇನ್ನೊಂದನ್ನು ಪ್ರತಿ ಬೆಸುಗೆಗೂ ಮುಟ್ಟಿಸಿ. ಎಲ್ಲೂ ಬೀಪ್ ಬರಬಾರದು. ನನಗೆ ಒಂಬತ್ತನೆಯದರಲ್ಲೇ ಬಂತು. ನೋಡಿದರೆ ಕೂದಲೆಳೆಯಷ್ಟು ಸೋಲ್ಡರ್ ಬಿಲ್ಲೆಯ ಅಂಚು ದಾಟಿ ಇಳಿದಿತ್ತು.

ಒಂದೊಂದೇ ಸ್ಟಾರ್ ಜೀವಂತವಿದೆಯೇ ಎಂದು ತಿಳಿಯಲು ಎರಡು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದ 3 ವೋಲ್ಟ್ ಸಾಕು. ನೀಲಿ ಎಲ್‌ಇಡಿ ಮಿಣುಕುತ್ತದೆ.

ಡ್ರೈವರ್: ಕರೆಂಟಿಗೆ ಕಡಿವಾಣ

ಇಲ್ಲೇ ಹೊಸಬರು ಎಡವುವುದು. ಎಲ್‌ಇಡಿಗೆ ವೋಲ್ಟೇಜ್ ತುಸು ಏರಿದರೂ ಕರೆಂಟ್ ಒಮ್ಮೆಲೇ ಜಿಗಿಯುತ್ತದೆ. ಬಿಸಿಯಾದಷ್ಟೂ ಅದು ಕೇಳುವ ವೋಲ್ಟೇಜ್ ಇಳಿಯುತ್ತದೆ, ಆಗ ಕರೆಂಟ್ ಇನ್ನಷ್ಟು ಹರಿಯುತ್ತದೆ, ಇನ್ನಷ್ಟು ಬಿಸಿ. ಮನೆಯಲ್ಲಿ ಬಿದ್ದಿರುವ ಅಡಾಪ್ಟರನ್ನು ನೇರವಾಗಿ ಕೊಟ್ಟರೆ ಕಥೆ ಮುಗಿಯಿತು. ಬೇಕಾದದ್ದು ಕರೆಂಟನ್ನೇ ಬಿಗಿಹಿಡಿಯುವ ಡ್ರೈವರ್.

ನಾನು ಬಳಸಿದ್ದು ಮೀನ್‌ವೆಲ್ ಎಲ್‌ಡಿಡಿ-700ಎಚ್, ಸರಕ್ಕೊಂದರಂತೆ ಮೂರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. 56 ವೋಲ್ಟ್‌ವರೆಗೆ ಡಿಸಿ ತೆಗೆದುಕೊಂಡು 700 ಮಿಲಿ ಆಂಪ್ ಮಾತ್ರ ಬಿಡುತ್ತದೆ. ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಲೆಕ್ಕ ಸುಲಭ: ಒಂದು ಸ್ಟಾರ್‌ಗೆ ಸುಮಾರು 3.3 ವೋಲ್ಟ್, ಹನ್ನೆರಡಕ್ಕೆ 40. ವಯೊಲೆಟ್ 3.6ರವರೆಗೂ ಕೇಳುತ್ತದೆ, ಆದ್ದರಿಂದ ಆ ಸರ 41 ದಾಟುತ್ತದೆ. ಡ್ರೈವರಿಗೆ ಅದರ ಮೇಲೆ ಮೂರು ವೋಲ್ಟ್ ಉಸಿರಾಡಲು ಬೇಕು. ಮನೆಯ ಕರೆಂಟನ್ನು ಡಿಸಿಗೆ ಬದಲಿಸುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, 48 ವೋಲ್ಟಿನದು ಹಾಕಿದರೆ ಎಲ್ಲವೂ ಒಳಗೆ ಬಂತು. ಮೂರೂ ಸರ ಪೂರ್ತಿ ಉರಿದಾಗ ಸುಮಾರು 90 ವ್ಯಾಟ್. ಎಸ್‌ಎಂಪಿಎಸ್ 150 ವ್ಯಾಟಿನದು ತಂದೆ, ಏದುಸಿರು ಬಿಡದೆ ಕೆಲಸ ಮಾಡಲಿ ಎಂದು. ಕೆಲವು ಎಸ್‌ಎಂಪಿಎಸ್‌ಗಳ ಪಕ್ಕದಲ್ಲಿ 115/230 ಎಂದು ಒಂದು ಪುಟ್ಟ ಸ್ವಿಚ್ ಇರುತ್ತದೆ. ಪ್ಲಗ್ ಹಾಕುವ ಮೊದಲು ಅದು 230ರಲ್ಲಿದೆಯೇ ನೋಡಿ. ತಪ್ಪಿದರೆ ದೀಪಾವಳಿ ಬೇಗ ಬರುತ್ತದೆ.

ಡ್ರೈವರಿನ ಔಟ್‌ಪುಟ್ ಮೈನಸ್ಸನ್ನು ಎಸ್‌ಎಂಪಿಎಸ್ ಮೈನಸ್ಸಿಗೆ ಸೇರಿಸಕೂಡದು. ಮೂರೂ ಸರದ ಮೈನಸ್ ಒಟ್ಟು ಮಾಡಿ ವೈರ್ ಉಳಿಸೋಣ ಎಂಬ ಯೋಚನೆಯೂ ಬೇಡ.

ಇನ್ನು ನಾನು ಮೂರು ಎಲ್‌ಇಡಿ ಸುಟ್ಟ ಬಗೆ. ಪವರ್ ಆನ್ ಇತ್ತು, ಸರದ ಒಂದು ವೈರ್ ಕಳಚಿತ್ತು, ಕೈಯಲ್ಲಿ ಹಿಡಿದು ತಾಗಿಸಿದೆ. ಲೋಡ್ ಇಲ್ಲದಾಗ ಡ್ರೈವರಿನ ಬಾಯಲ್ಲಿ ಪೂರ್ತಿ 48 ವೋಲ್ಟ್ ಕಾದು ಕೂತಿರುತ್ತದೆ. ತಾಗಿಸಿದ ಕ್ಷಣ ಅಷ್ಟೂ ಒಮ್ಮೆಲೇ ನುಗ್ಗಿತು. ಚಟ್ ಎಂಬ ಸದ್ದು, ಸುಟ್ಟ ವಾಸನೆ. ಒಂದು ಸ್ಟಾರ್ ಸತ್ತರೂ ಸರ ಪೂರ್ತಿ ಕತ್ತಲು; ಪೆನ್ಸಿಲ್ ಸೆಲ್ ಹಿಡಿದು ಹುಡುಕುವಾಗ ರಾತ್ರಿ ಹನ್ನೊಂದು. ಅಂದಿನಿಂದ ವೈರ್ ಮುಟ್ಟುವ ಮೊದಲು ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ.

ಬೆಳಕು ಏರಿಳಿಸಲು ಡ್ರೈವರಿನ ಡಿಮ್ ಕಾಲಿಗೆ (ಪಿನ್‌ಗೆ) ಪಿಡಬ್ಲ್ಯೂಎಂ ಸಂಕೇತ, ಅಂದರೆ ವೇಗವಾಗಿ ಆನ್-ಆಫ್ ಆಗುವ ಸಂಕೇತ, ಕೊಡಬೇಕು. ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ಆರ್ಡುಯಿನೋ ನ್ಯಾನೋ ಒಂದು, ಗಡಿಯಾರಕ್ಕೆ ಡಿಎಸ್3231 ಒಂದು, ಎರಡೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಪ್ರೋಗ್ರಾಂ ಬರೆದುಕೊಟ್ಟದ್ದು ಮಗಳು, ಸಂಬಳವಾಗಿ ಒಂದು ಹೆಡ್‌ಫೋನ್ ಕೇಳಿದಳು. ನ್ಯಾನೋ ಹೆಚ್ಚಿನ ಪಿನ್‌ಗಳಲ್ಲಿ ಕೊಡುವ ವೇಗ 490 ಹರ್ಟ್ಜ್, ಡ್ರೈವರ್ ಒಪ್ಪುವುದು 100ರಿಂದ 1000, ಹಾಗಾಗಿ ಅಲ್ಲಿ ತಕರಾರಿಲ್ಲ. ಆರ್ಡುಯಿನೋ ಗ್ರೌಂಡ್ ಎಸ್‌ಎಂಪಿಎಸ್ ಮೈನಸ್ಸಿಗೆ ಸೇರಿರಲಿ. 48 ವೋಲ್ಟಿನಿಂದ ಇಳಿಸಿ ಅದಕ್ಕೆ ಪವರ್ ಕೊಡುವವರು ವೋಲ್ಟೇಜ್ ಇಳಿಸುವ ಸಾಮಾನ್ಯ ಎಲ್‌ಎಂ2596 ಮಾಡ್ಯೂಲ್ ಹಾಕಬೇಡಿ, ಅದರ ಮಿತಿ 40 ವೋಲ್ಟ್. ಎಚ್‌ವಿ ಎಂದಿರುವುದು 60ರವರೆಗೆ ತಡೆಯುತ್ತದೆ.

ಒಂದು ಗುಟ್ಟು ಮಾತ್ರ ಚೆನ್ನಾಗಿ ನೆನಪಿಡಿ: ಡಿಮ್ ಕಾಲಿಗೆ ಏನೂ ಸೇರದಿದ್ದರೆ ಈ ಡ್ರೈವರ್ ಪೂರ್ತಿ ಬೆಳಕು ಕೊಡುತ್ತದೆ. ನಾನು ಅಂದುಕೊಂಡಿದ್ದು ಉಲ್ಟಾ. ಕರೆಂಟ್ ಹೋಗಿ ಬಂದಾಗಲೆಲ್ಲ, ಆರ್ಡುಯಿನೋ ಕಣ್ಣುಜ್ಜಿಕೊಂಡು ಏಳುವವರೆಗೆ ಒಂದೆರಡು ಕ್ಷಣ ಫಳ್ಳೆಂದು ಮಿಂಚುವುದು ಅದಕ್ಕೇ. ಅಷ್ಟಾದರೆ ಹವಳ ಸಹಿಸುತ್ತದೆ. ಆದರೆ ನಾವು ಅರಸೀಕೆರೆಗೆ ಮದುವೆಗೆ ಹೋಗಿದ್ದ ಎರಡು ದಿನದಲ್ಲಿ, ಸುಮ್ಮನೆ ಸಿಕ್ಕಿಸಿದ್ದ ಒಂದು ಜಂಪರ್ ವೈರ್ ಕಳಚಿಬಿತ್ತು. ಹಗಲು ರಾತ್ರಿ ಒಂದು ಸರ ನೂರಕ್ಕೆ ನೂರು ಉರಿದಿದೆ. ಬಂದು ನೋಡಿದರೆ ದೀಪದ ನೇರ ಕೆಳಗಿದ್ದ ಮಶ್ರೂಮ್ ಬಿಳಿಚಿಕೊಂಡು ಕಾಳಿನಷ್ಟಾಗಿತ್ತು. ಉಳಿಯಲಿಲ್ಲ. ಜಂಪರ್‌ಗಳನ್ನೆಲ್ಲ ಕಿತ್ತು ಬೆಸುಗೆ ಹಾಕಿದೆ. ಮೇಲಾಗಿ ಎಸ್‌ಎಂಪಿಎಸ್ ಹಿಂದೆ, ಸುತ್ತಲೂ ಹಲ್ಲುಗಳಿರುವ ಹಳೆ ಮಾದರಿಯ 24 ಗಂಟೆಯ ಪ್ಲಗ್ ಟೈಮರ್ ಸಿಕ್ಕಿಸಿದೆ. ಆರ್ಡುಯಿನೋಗೆ ಹುಚ್ಚು ಹಿಡಿದರೂ ರಾತ್ರಿ ಒಂಬತ್ತೂವರೆಗೆ ಅದು ಬುಡದಲ್ಲೇ ಕರೆಂಟ್ ಕತ್ತರಿಸುತ್ತದೆ.

ಎಷ್ಟು ಬೆಳಕು?

ಕಣ್ಣನ್ನು ನಂಬಬೇಡಿ. ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರಿನ ಹಳದಿಹಸಿರಿಗೆ. 450ರ ನೀಲಿಗೆ ಅದರ ಶೇಕಡ ನಾಲ್ಕರಷ್ಟೂ ಸ್ಪಂದಿಸುವುದಿಲ್ಲ. ನಮಗೆ ಮಬ್ಬಾಗಿ ಕಂಡ ನೀಲಿ ಹವಳಕ್ಕೆ ನಡುಮಧ್ಯಾಹ್ನದ ಬಿಸಿಲಿರಬಹುದು. ಮೊಬೈಲಿನ ಲಕ್ಸ್ ಆ್ಯಪ್ ಕೂಡ ಮನುಷ್ಯನ ಕಣ್ಣಿನ ಅಳತೆಗೇ ಹೊಲಿದ ಅಂಗಿ, ನೀಲಿಯ ಮಟ್ಟಿಗೆ ಅದು ಹೇಳುವುದೆಲ್ಲ ಕಡಿಮೆ. ಸರಿಯಾಗಿ ಅಳೆಯುವುದು ಪಾಚಿಗೆ ದಕ್ಕುವ ಬೆಳಕನ್ನು ತೋರಿಸುವ ಪಾರ್ ಮೀಟರ್, ಅದರ ಬೆಲೆ ಈ ದೀಪಕ್ಕಿಂತ ಜಾಸ್ತಿ. ಗೆಳೆಯರಿಂದ ಒಂದು ದಿನಕ್ಕೆ ಸಿಕ್ಕರೆ, ಮೆತ್ತನೆ ಹವಳ ಕೂರುವ ಜಾಗದಲ್ಲಿ 50ರಿಂದ 150 ತೋರಿಸಿದರೆ ಸಾಕು.

ಮೀಟರ್ ಇಲ್ಲದವರು ನಾನು ಮಾಡಿದಂತೆ ಮಾಡಿ. ನೀಲಿಯ ಎರಡೂ ಸರವನ್ನು ಶೇಕಡ 20ಕ್ಕೆ, ಬಿಳಿಯನ್ನು 5ಕ್ಕೆ ಇಟ್ಟು ಎರಡು ವಾರ ಕೈಕಟ್ಟಿ ಕೂತಿರಿ. ಆಮೇಲೆ ವಾರಕ್ಕೆ ಐದರಂತೆ ಏರಿಸಿ, ಪ್ರತಿ ಸಲವೂ ಹವಳದ ಮುಖ ನೋಡಿ. ಮಶ್ರೂಮ್ ಅಂಚು ಮೇಲೆ ಮಡಚಿ ಬಟ್ಟಲಿನಂತಾಗಿ ಕುಗ್ಗಿದರೆ ಬೆಳಕು ಹೆಚ್ಚು. ಜೋವಾಂಥಿಡ್ ಕತ್ತು ಉದ್ದ ಮಾಡಿ ಮೇಲೆ ಚಾಚಿದರೆ ಕಡಿಮೆ. ಲೆದರ್ ಹವಳ ಮಾತ್ರ ಸುಮ್ಮಸುಮ್ಮನೆ ವಾರಗಟ್ಟಲೆ ಮುದುಡಿ, ಮೇಣದಂಥ ಪೊರೆ ಕಳಚಿ ಮತ್ತೆ ಅರಳುತ್ತದೆ, ಅದರ ಮುನಿಸನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಟ್ಯಾಂಕ್ ಕೊನೆಗೆ ನಿಂತದ್ದು ನೀಲಿ 45, ಬಿಳಿ 15ರಲ್ಲಿ. 36 ಎಲ್‌ಇಡಿ ಕೊಂಡು ಅರ್ಧವೂ ಉರಿಸುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು, ನಿಜ. ಆದರೆ ಅರ್ಧ ಉರಿಯುವ ದೀಪ ಬಿಸಿಯಾಗುವುದಿಲ್ಲ, ಫ್ಯಾನ್ ಸದ್ದೂ ಕಡಿಮೆ. ಹೀಟ್‌ಸಿಂಕ್ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವವರೆಗೂ ಆರಾಮಾಗಿ ಇರಬಹುದು.

ಲೆನ್ಸ್ ಬೇಕೇ ಎಂದು ಕೇಳುವವರಿಗೆ: 18 ಇಂಚು ಎತ್ತರದ ಟ್ಯಾಂಕಿಗೆ ಹಾಕುವುದಾದರೆ 90 ಡಿಗ್ರಿಯದು ಹಾಕಿ. 60 ಡಿಗ್ರಿಯದು ಬೆಳಕನ್ನು ಒಂದೆಡೆ ಗುಡ್ಡೆ ಹಾಕುತ್ತದೆ, ಹವಳ ಸುಡಲು ಅದೇ ಸಾಕು.

ನೇತುಹಾಕುವುದು, ನೀರಿನ ಭಯ

ಕೊಕ್ಕೆಯೊಂದೇ ಇದ್ದುದರಿಂದ ನಾಲ್ಕು ಮೂಲೆಗೆ ಸ್ಟೀಲ್ ವೈರ್ ಕಟ್ಟಿ ಮೇಲೆ ಒಂದು ಉಂಗುರಕ್ಕೆ ಕೂಡಿಸಿದೆ. ನೀರಿನಿಂದ ಹತ್ತು ಇಂಚು ಮೇಲೆ. ಕೆಳಗೆ 3 ಮಿ.ಮೀ. ಅಕ್ರಿಲಿಕ್ ಹಾಳೆ. ಗುಳ್ಳೆ ಒಡೆದು ಸಿಡಿದ ಉಪ್ಪುನೀರು ಒಣಗಿ ಬಿಳಿ ಪುಡಿಯಾಗಿ ಎಲ್ಲೆಲ್ಲಿಗೋ ಹತ್ತುತ್ತದೆ, ತಾಮ್ರ ಕಂಡರೆ ಹಸಿರು ಮಾಡುತ್ತದೆ. ಬೆಸುಗೆಗಳ ಮೇಲೆ ಮಗಳ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ್ದೇನೆ, ಎರಡು ವರ್ಷವಾಯಿತು, ಹಿಡಿದಿದೆ.

ಎಸ್‌ಎಂಪಿಎಸ್ ಟ್ಯಾಂಕಿನ ಮೇಲೂ ಬೇಡ, ಕೆಳಗಿನ ಕಪಾಟಿನೊಳಗೂ ಬೇಡ. ಪಕ್ಕದ ಗೋಡೆಗೆ, ಗಾಳಿಯಾಡುವ ಡಬ್ಬಿಯಲ್ಲಿರಲಿ. ಅದರ ಅರ್ತ್ ಮತ್ತು ಹೀಟ್‌ಸಿಂಕಿನ ಮೈ ಎರಡೂ ಮನೆಯ ಅರ್ತ್‌ಗೆ ಸೇರಬೇಕು. ಪ್ಲಗ್‌ಗೆ ಹೋಗುವ ವೈರ್ ಸಾಕೆಟ್‌ಗಿಂತ ಕೆಳಗೆ ಒಂದು ಜೋಲು ಬಿದ್ದು ಮೇಲೇರಲಿ, ವೈರ್ ಹಿಡಿದು ಇಳಿದ ನೀರು ಆ ಜೋಲಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದ ಕೂಡಲೇ ಲೈನ್ ಕತ್ತರಿಸುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಆ ಲೈನಿಗೆ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ದೀಪ ಆಮೇಲೆ. ಉಪ್ಪುನೀರಿನಲ್ಲಿ ಮೊಣಕೈವರೆಗೆ ಕೈ ಹಾಕುವ ಹವ್ಯಾಸ ಇದು.

ಉರಿಯುವ ರಾಯಲ್ ಬ್ಲೂವನ್ನು ಕೆಳಗಿನಿಂದ ನೇರವಾಗಿ ದಿಟ್ಟಿಸಬೇಡಿ. ಮಬ್ಬಾಗಿ ಕಂಡರೂ ಕಣ್ಣಿನ ಪರದೆಗೆ ಪೆಟ್ಟು. ಪರೀಕ್ಷೆ ಮಾಡುವಾಗ ಮೇಲೆ ಒಂದು ಹಾಳೆ ಮುಚ್ಚಿ.

ಈಗ ನಮ್ಮ ಮನೆಯ ವೇಳಾಪಟ್ಟಿ: ಹನ್ನೊಂದಕ್ಕೆ ನೀಲಿ ಮೆಲ್ಲಗೆ ಶುರು, ಒಂದೂವರೆ ಹೊತ್ತಿಗೆ ಪೂರ್ತಿ, ಎರಡರಿಂದ ಆರರವರೆಗೆ ಬಿಳಿ ಜೊತೆಗೆ, ಏಳರಿಂದ ಇಳಿಮುಖ, ಒಂಬತ್ತಕ್ಕೆ ಕತ್ತಲು. ಬಿಳಿಯನ್ನು ಎಂಟು ಗಂಟೆ ಉರಿಸಿದ್ದ ತಿಂಗಳು ಗಾಜಿನ ಮೇಲೆ ಪಾಚಿ ಕೆರೆದು ಕೆರೆದು ಕೈ ಸೋತಿತ್ತು. ತಿಂಗಳಿಗೊಮ್ಮೆ ಅಕ್ರಿಲಿಕ್ಕನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸುತ್ತೇನೆ, ಫ್ಯಾನಿನ ಧೂಳು ಊದುತ್ತೇನೆ.

ಸ್ಟಾರ್ ಕೊಳ್ಳುವಾಗ ಬಣ್ಣಕ್ಕೆರಡರಂತೆ ಹೆಚ್ಚಿಗೆ ಕೊಂಡಿಡಿ. ವಯೊಲೆಟ್ ಇದ್ದರೆ ಇನ್ನೂ ಒಂದೆರಡು ಜಾಸ್ತಿ. ನನ್ನ ಆರರಲ್ಲಿ ಒಂದು ಕಳೆದ ತಿಂಗಳು ಮಂಕಾಯಿತು. ಬದಲಾಯಿಸಲು ಹೋದರೆ ಅದೇ ಅಂಗಡಿಯಲ್ಲಿ ಈಗ ಬರುವ ಮಾಲಿನ ಬಣ್ಣವೇ ಬೇರೆ. ಡಬ್ಬಿಯಲ್ಲಿ ಉಳಿಸಿದ್ದ ಹಳೆಯದೊಂದು ಸಿಕ್ಕಿತು, ಪ್ಲಗ್ ಕಿತ್ತು ಎದುರಿಗಿಟ್ಟುಕೊಂಡು ಬೆಸೆದೆ.